ಯುನಿಕ್ಸ್ ಕಂಪ್ಯೂಟರಿನಲ್ಲಿ ರೂಟಿಂಗ್ ಹೊಂದಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ನೆಟ್‌ವರ್ಕ್ ಕಾರ್ಡ್ ಇರುವ ಹಳೇ ಕಂಪ್ಯೂಟರ್ ಒಂದನ್ನು ರೂಟರ್ ಮಾಡಬೇಕು. ಅಥವಾ ವಿಪಿಎನ್ (ದೂರದ ನೆಟ್‌ವರ್ಕಿಗೆ ಸೇರಿಸುವ ಖಾಸಗಿ ಸುರಂಗ) ಹಾಕಿದ ಕೂಡಲೇ ಪಕ್ಕದ ಪ್ರಿಂಟರ್ ಸಿಗುವುದಿಲ್ಲ. ಅಥವಾ ಪಿಂಗ್ (ಇನ್ನೊಂದು ಯಂತ್ರ ಸಿಗುತ್ತದೆಯೇ ಎಂದು ನೋಡುವ ಕಮಾಂಡ್) ಒಂದು ಕಡೆಯಿಂದ ಹೋಗುತ್ತದೆ, ಇನ್ನೊಂದು ಕಡೆಯಿಂದ ಹೋಗುವುದಿಲ್ಲ. ಇಂಥದ್ದರಲ್ಲಿ ಸಿಕ್ಕಿಕೊಂಡವರಿಗಾಗಿ ಈ ಪುಟ ಬರೆದಿದ್ದೇನೆ. ಲಿನಕ್ಸ್ ಬಗ್ಗೆ ಜಾಸ್ತಿ ಇದೆ. ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ, ಮ್ಯಾಕ್‌ಓಎಸ್‌ಗಳಲ್ಲಿ ವಿಷಯ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ಜಾಗ, ಚುಕ್ಕೆ, ಗೆರೆ, ಅಂಕಿ ಎಲ್ಲವೂ ಇಲ್ಲಿರುವ ಹಾಗೇ ಇರಲಿ. ದಾರಿ ಬದಲಿಸುವ ಕಮಾಂಡ್‌ಗಳ ಮುಂದೆ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಹಾಕಬೇಕು. ಸುಮ್ನೆ ನೋಡುವ ಕಮಾಂಡ್‌ಗಳಿಗೆ ಅದು ಬೇಡ, ಮುಂದೆ ಬರುವ ಟಿಸಿಪಿಡಂಪ್‌ಗೆ ಮಾತ್ರ ಬೇಕು.

ಪುಟದುದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ನಡುವೆ ಒಂದು ಲಿನಕ್ಸ್ ಯಂತ್ರ. ಅದರ ಈಥ್0 ಕಾರ್ಡಿನ ವಿಳಾಸ 192.168.1.20. ಆ ಕಡೆ ಇಂಟರ್ನೆಟ್‌ಗೆ ಕರೆದೊಯ್ಯುವ ರೂಟರ್ ಇದೆ, ಅದರ ವಿಳಾಸ 192.168.1.1. ನಡುವಿನ ಯಂತ್ರದ ಇನ್ನೊಂದು ಕಾರ್ಡ್ ಈಥ್1, ಅದರ ವಿಳಾಸ 10.20.30.1. ಅದರ ಹಿಂದೆ ಒಳಗಿನ ಯಂತ್ರ, 10.20.30.5. ಇದನ್ನು ಒಂದು ಹಾಳೆಯ ಮೇಲೆ ಗೀಚಿಕೊಂಡು ಓದಿದರೆ ತುಂಬ ಸುಲಭ. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ.

ರೂಟಿಂಗ್ ಅಂದರೆ ನನ್ನ ಕಂಪ್ಯೂಟರ್ ನಿಜಕ್ಕೂ ಏನು ಮಾಡುತ್ತದೆ?

ಪ್ರತಿ ಪ್ಯಾಕೆಟ್ (ಡೇಟಾದ ಒಂದು ತುಂಡು) ಹೊರಡುವಾಗಲೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದನ್ನು ಯಾರ ಕೈಗೆ ಕೊಡಬೇಕು? ಉತ್ತರ ಎರಡರಲ್ಲಿ ಒಂದು. ತಲುಪಬೇಕಾದ ಯಂತ್ರ ಇದೇ ತಂತಿಯಲ್ಲಿದ್ದರೆ ನೇರ ಅದರ ಕೈಗೆ. ಇಲ್ಲದಿದ್ದರೆ ಇದೇ ತಂತಿಯಲ್ಲಿರುವ ಒಂದು ಗೇಟ್‌ವೇ, ಅಂದರೆ ಮುಂದಕ್ಕೆ ಸಾಗಿಸುವ ಯಂತ್ರದ ಕೈಗೆ. ಪೂರ್ತಿ ದಾರಿ ಯಾರಿಗೂ ಗೊತ್ತಿರುವುದಿಲ್ಲ. ಪ್ರತಿ ಯಂತ್ರಕ್ಕೂ ಗೊತ್ತಿರುವುದು ಮುಂದಿನ ಒಂದು ಹೆಜ್ಜೆ ಮಾತ್ರ.

ಸ್ವಲ್ಪ ಹತ್ತಿರದಿಂದ ನೋಡೋಣ. ಒಳಗಿನ ಯಂತ್ರ 203.0.113.7ಕ್ಕೆ ಒಂದು ಪ್ಯಾಕೆಟ್ ಕಳಿಸುತ್ತದೆ ಅಂದುಕೊಳ್ಳಿ. ಅದರ ಗೇಟ್‌ವೇ 10.20.30.1. ಈ ಗೇಟ್‌ವೇ ವಿಳಾಸ ಆ ಪ್ಯಾಕೆಟ್‌ನೊಳಗೆ ಎಲ್ಲೂ ಇರುವುದಿಲ್ಲ! ಪ್ಯಾಕೆಟ್ ಮೇಲೆ ಬರೆದಿರುವುದು 203.0.113.7 ಅಂತಲೇ. ಒಳಗಿನ ಯಂತ್ರ ಎಆರ್‌ಪಿ ಮೂಲಕ «10.20.30.1 ಯಾರು?» ಎಂದು ಕೂಗಿ, ಆ ಕಾರ್ಡಿನ ಮ್ಯಾಕ್ ವಿಳಾಸ (ಕಾರ್ಡಿನ ಹಾರ್ಡ್‌ವೇರ್ ವಿಳಾಸ) ತಿಳಿದುಕೊಂಡು, ಅದನ್ನು ಹೊರಗಿನ ಈಥರ್ನೆಟ್ ಲಕೋಟೆಯ ಮೇಲೆ ಬರೆಯುತ್ತದೆ. ಒಂದೊಂದು ತಂತಿ ದಾಟಿದಾಗಲೂ ಲಕೋಟೆ ಹೊಸದು, ಒಳಗಿನ ಕಾಗದ ಅದೇ. ಗೇಟ್‌ವೇ ಯಾಕೆ ನಮ್ಮದೇ ಸಬ್‌ನೆಟ್‌ನಲ್ಲಿ (ಒಂದೇ ತಂತಿಯ ವಿಳಾಸಗಳ ಗುಂಪಿನಲ್ಲಿ) ಇರಬೇಕು ಅನ್ನುವುದಕ್ಕೆ ಇದೇ ಕಾರಣ. ಕೂಗಿದರೆ ಕೇಳಿಸುವಷ್ಟು ಹತ್ತಿರ ಅದು ಇರಬೇಕಲ್ವಾ?

ರೂಟಿಂಗ್ ಟೇಬಲ್ (ಕರ್ನಲ್ ಇಟ್ಟುಕೊಂಡ ದಾರಿಗಳ ಪಟ್ಟಿ) ನೋಡುವುದು ಹೇಗೆ? ಅದನ್ನು ಓದುವುದು ಹೇಗೆ?

ಲಿನಕ್ಸ್‌ನಲ್ಲಿ:

ಐಪಿ ರೂಟ್ ಶೋ

ನಮ್ಮ ನಡುವಿನ ಯಂತ್ರದಲ್ಲಿ ಹೆಚ್ಚುಕಮ್ಮಿ ಹೀಗೆ ಕಾಣುತ್ತದೆ:

ಡೀಫಾಲ್ಟ್ ವಯಾ 192.168.1.1 ಡೆವ್ ಈಥ್0
10.20.30.0/24 ಡೆವ್ ಈಥ್1 ಪ್ರೋಟೋ ಕರ್ನಲ್ ಸ್ಕೋಪ್ ಲಿಂಕ್ ಎಸ್‌ಆರ್‌ಸಿ 10.20.30.1
192.168.1.0/24 ಡೆವ್ ಈಥ್0 ಪ್ರೋಟೋ ಕರ್ನಲ್ ಸ್ಕೋಪ್ ಲಿಂಕ್ ಎಸ್‌ಆರ್‌ಸಿ 192.168.1.20

«ಡೀಫಾಲ್ಟ್» ಅಂದರೆ ಬೇರೆ ಯಾವ ಸಾಲೂ ಹೊಂದದಾಗ ಹಿಡಿಯುವ ದಾರಿ. ಕೆಳಗಿನ ಎರಡು ಸಾಲನ್ನು ನಾವು ಬರೆದಿಲ್ಲ. ಕಾರ್ಡಿಗೆ ವಿಳಾಸ ಕೊಟ್ಟ ಕ್ಷಣ ಕರ್ನಲ್ ತಾನೇ ಬರೆದುಕೊಂಡಿದೆ, «ಪ್ರೋಟೋ ಕರ್ನಲ್» ಎಂದರೆ ಅದೇ. «ಸ್ಕೋಪ್ ಲಿಂಕ್» ಅಂದರೆ ಇವರು ಇದೇ ತಂತಿಯಲ್ಲಿದ್ದಾರೆ, ಗೇಟ್‌ವೇ ಬೇಡ. «ವಯಾ» ಅನ್ನುವ ಪದ ಇದ್ದರೆ ಗೇಟ್‌ವೇ ಇದೆ ಎಂದು ಅರ್ಥ. «ಡೆವ್» ಅಂದರೆ ಯಾವ ಕಾರ್ಡಿನಿಂದ ಹೊರಗೆ ಹೋಗಬೇಕು ಅನ್ನುವುದು. ಕೊನೆಯ «ಎಸ್‌ಆರ್‌ಸಿ» ಅಂದರೆ ಈ ದಾರಿಯಲ್ಲಿ ಹೋಗುವಾಗ ತನ್ನ ವಿಳಾಸ ಎಂದು ಯಾವುದನ್ನು ಹೇಳಿಕೊಳ್ಳಬೇಕು ಅನ್ನುವುದು.

ಟೇಬಲ್ ಓದಿ ತಲೆಯಲ್ಲೇ ಲೆಕ್ಕ ಹಾಕುವುದಕ್ಕಿಂತ ಕರ್ನಲ್ಲನ್ನೇ ಕೇಳುವುದು ಒಳ್ಳೆಯದು:

ಐಪಿ ರೂಟ್ ಗೆಟ್ 203.0.113.7

ಈ ವಿಳಾಸಕ್ಕೆ ಹೋಗುವ ಪ್ಯಾಕೆಟ್ ಯಾವ ಕಾರ್ಡಿನಿಂದ, ಯಾವ ಗೇಟ್‌ವೇ ಮೂಲಕ, ಯಾವ ವಿಳಾಸ ಹೊತ್ತು ಹೊರಡುತ್ತದೆ ಎಂದು ಅದು ನೇರವಾಗಿ ಹೇಳುತ್ತದೆ. ಇಷ್ಟು ಉಪಯೋಗದ ಕಮಾಂಡ್ ಇನ್ನೊಂದಿಲ್ಲ. ಅದನ್ನು ಬಳಸುವವರು ಯಾಕೋ ಕಡಿಮೆ.

ಬಿಎಸ್‌ಡಿಗಳಲ್ಲೂ ಮ್ಯಾಕ್‌ಓಎಸ್‌ನಲ್ಲೂ ಟೇಬಲ್ ನೋಡಲು «ನೆಟ್‌ಸ್ಟ್ಯಾಟ್ -ಆರ್‌ಎನ್», ಒಂದೇ ವಿಳಾಸದ ದಾರಿ ಕೇಳಲು «ರೂಟ್ -ಎನ್ ಗೆಟ್ 203.0.113.7». ನೆಟ್‌ಸ್ಟ್ಯಾಟ್, ರೂಟ್, ಇಫ್‌ಕಾನ್ಫಿಗ್ ಈ ಮೂರೂ 1983ರ 4.2ಬಿಎಸ್‌ಡಿ ಕಾಲದವು. ಲಿನಕ್ಸ್‌ನಲ್ಲೂ ಇವನ್ನು ಹಾಕಿಕೊಳ್ಳಬಹುದು, ಆದರೆ ಅಲ್ಲಿ ಈಗ ನಡೆಯುವುದು ಐಪಿ ಕಮಾಂಡ್. ಹಳೆಯ ಕಮಾಂಡಿನ ಸಾಲುಗಳಲ್ಲಿ ಕಾಣುವ ಅಕ್ಷರಗಳಲ್ಲಿ ಯು ಅಂದರೆ ದಾರಿ ಚಾಲ್ತಿಯಲ್ಲಿದೆ, ಜಿ ಅಂದರೆ ಗೇಟ್‌ವೇ ಮೂಲಕ, ಎಚ್ ಅಂದರೆ ಒಂದೇ ಯಂತ್ರಕ್ಕೆ ಬರೆದ ದಾರಿ.

ಈ /24 ಅಂದರೇನು?

ವಿಳಾಸದಲ್ಲಿ ಒಟ್ಟು 32 ಬಿಟ್. ಮೊದಲ 24 ಬಿಟ್ ನೆಟ್‌ವರ್ಕಿನದು, ಉಳಿದ 8 ಯಂತ್ರದ್ದು ಎಂದು ಅರ್ಥ. 255.255.255.0 ಅನ್ನುವ ಮಾಸ್ಕ್ ಹೇಳುವುದೂ ಇದನ್ನೇ. 8 ಬಿಟ್‌ನಲ್ಲಿ 256 ವಿಳಾಸ, ಮೊದಲನೆಯದು ಮತ್ತು ಕೊನೆಯದು ಬಿಟ್ಟರೆ ಯಂತ್ರಗಳಿಗೆ 254. /16 ಅಂದರೆ 65,536 ವಿಳಾಸ. /32 ಅಂದರೆ ಒಂದೇ ಒಂದು.

ಮಾಸ್ಕ್ ತಪ್ಪಿದರೆ ಆಗುವ ತೊಂದರೆ ಮಾತ್ರ ವಿಚಿತ್ರವಾಗಿರುತ್ತದೆ. /24 ಇರಬೇಕಾದ ಕಡೆ /16 ಹಾಕಿದರೆ ದೂರದ ಯಂತ್ರಗಳನ್ನೂ ಕಂಪ್ಯೂಟರ್ «ಪಕ್ಕದಲ್ಲೇ ಇದ್ದಾರೆ» ಎಂದುಕೊಂಡು ಎಆರ್‌ಪಿಯಲ್ಲಿ ಕೂಗುತ್ತಾ ಕೂರುತ್ತದೆ. ಉತ್ತರ ಬರುವುದಿಲ್ಲ, ಗೇಟ್‌ವೇಗೆ ಕೊಡುವುದೂ ಇಲ್ಲ. ಕೆಲವು ಕಡೆ ಮಾತ್ರ ಹೋಗುತ್ತಿದೆ, ಕೆಲವು ಕಡೆ ಇಲ್ಲ ಅಂದರೆ ಮೊದಲು ಮಾಸ್ಕ್ ನೋಡಿ.

ಒಂದು ವಿಳಾಸಕ್ಕೆ ಟೇಬಲ್‌ನ ಎರಡು ಮೂರು ಸಾಲು ಹೊಂದಿಕೊಂಡರೆ ಯಾವುದು ಗೆಲ್ಲುತ್ತದೆ?

ಹೆಚ್ಚು ಖಚಿತವಾದದ್ದು, ಅಂದರೆ ಗೀಟಿನ ಮುಂದಿನ ಸಂಖ್ಯೆ ದೊಡ್ಡದಾಗಿರುವುದು. 10.20.30.5ಕ್ಕೆ ಡೀಫಾಲ್ಟ್ ಸಾಲೂ ಹೊಂದುತ್ತದೆ, ಯಾಕೆಂದರೆ ಡೀಫಾಲ್ಟ್ ಅಂದರೆ 0.0.0.0/0, ಎಲ್ಲವೂ ಅದರೊಳಗೇ. ಆದರೆ 10.20.30.0/24 ಅದಕ್ಕಿಂತ ಖಚಿತ, ಹಾಗಾಗಿ ಅದೇ ಗೆಲ್ಲುತ್ತದೆ. ಸಾಲು ಮೇಲಿದೆಯೋ ಕೆಳಗಿದೆಯೋ ಮುಖ್ಯವಲ್ಲ. ಫೈರ್‌ವಾಲ್ ನಿಯಮಗಳ ಹಾಗೆ ಮೇಲಿಂದ ಕೆಳಗೆ ಓದುವ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ.

ಈ ನಿಯಮವನ್ನು ಓಪನ್‌ವಿಪಿಎನ್ ಚೆನ್ನಾಗಿ ಬಳಸಿಕೊಳ್ಳುತ್ತದೆ. ಎಲ್ಲ ಟ್ರಾಫಿಕ್ ತನ್ನ ಮೂಲಕ ಹೋಗಬೇಕು ಎಂದಾಗ ಅದು ಹಳೆಯ ಡೀಫಾಲ್ಟ್ ಸಾಲನ್ನು ಅಳಿಸದೆ 0.0.0.0/1 ಮತ್ತು 128.0.0.0/1 ಎಂದು ಎರಡು ಸಾಲು ಸೇರಿಸಬಲ್ಲದು. ಎರಡೂ ಸೇರಿದರೆ ಇಡೀ ಇಂಟರ್ನೆಟ್. /1 ಅನ್ನುವುದು /0ಗಿಂತ ಖಚಿತ, ಹಾಗಾಗಿ ಅವೇ ಗೆಲ್ಲುತ್ತವೆ. ವಿಪಿಎನ್ ನಿಂತ ಮೇಲೆ ಆ ಎರಡು ಸಾಲು ಹೋಗುತ್ತವೆ, ಹಳೆಯ ಡೀಫಾಲ್ಟ್ ಇದ್ದಲ್ಲೇ ಇರುತ್ತದೆ. ನೋಡಿದಾಗಲೆಲ್ಲ ನನಗೆ ಇದು ಖುಷಿ ಕೊಡುತ್ತದೆ.

ಖಚಿತತೆಯೂ ಒಂದೇ ಆಗಿದ್ದರೆ ಮೆಟ್ರಿಕ್ (ದಾರಿಗೆ ಕೊಟ್ಟ ಆದ್ಯತೆಯ ಸಂಖ್ಯೆ) ನೋಡಲಾಗುತ್ತದೆ, ಲಿನಕ್ಸ್‌ನಲ್ಲಿ ಕಡಿಮೆ ಇರುವುದು ಗೆಲ್ಲುತ್ತದೆ. ಲಿನಕ್ಸ್‌ನಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ತಂತಿಗೆ 100, ವೈಫೈಗೆ 600 ಎಂದು ಇಡುತ್ತದೆ. ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿದ ಕೂಡಲೇ ಟ್ರಾಫಿಕ್ ಕೇಬಲ್ ಕಡೆ ತಿರುಗುವುದು ಹೀಗೆ.

ಡೀಫಾಲ್ಟ್ ಗೇಟ್‌ವೇ ಹಾಕುವುದು ಹೇಗೆ?

ಲಿನಕ್ಸ್‌ನಲ್ಲಿ:

ಐಪಿ ರೂಟ್ ಆ್ಯಡ್ ಡೀಫಾಲ್ಟ್ ವಯಾ 192.168.1.1 ಡೆವ್ ಈಥ್0

ಬಿಎಸ್‌ಡಿ ಮತ್ತು ಮ್ಯಾಕ್‌ಓಎಸ್‌ನಲ್ಲಿ:

ರೂಟ್ ಆ್ಯಡ್ ಡೀಫಾಲ್ಟ್ 192.168.1.1

ಇಲ್ಲಿ ಎರಡು ದೋಷ ಸಾಮಾನ್ಯ. «ಫೈಲ್ ಎಕ್ಸಿಸ್ಟ್ಸ್» ಎಂದು ಬಂದರೆ ಅಂಥದ್ದೇ ಸಾಲು ಆಗಲೇ ಇದೆ ಎಂದರ್ಥ. ಯಾವ ಫೈಲೂ ಇಲ್ಲಿಲ್ಲ, ಅದನ್ನು ಹುಡುಕಿಕೊಂಡು ಹೋಗಬೇಡಿ. ಆ್ಯಡ್ ಬದಲು ರಿಪ್ಲೇಸ್ ಎಂದು ಕೊಡಿ. «ನೆಕ್ಸ್ಟ್‌ಹಾಪ್ ಹ್ಯಾಸ್ ಇನ್‌ವ್ಯಾಲಿಡ್ ಗೇಟ್‌ವೇ» ಎಂದು ಬಂದರೆ, ಅಥವಾ ಹಳೆಯ ಕರ್ನಲ್‌ಗಳಲ್ಲಿ «ನೆಟ್‌ವರ್ಕ್ ಈಸ್ ಅನ್‌ರೀಚಬಲ್» ಎಂದು ಬಂದರೆ, ನೀವು ಹೇಳಿದ ಗೇಟ್‌ವೇ ನಿಮ್ಮ ಯಾವ ಸಬ್‌ನೆಟ್‌ನಲ್ಲೂ ಇಲ್ಲ. ಕಾರ್ಡಿಗೆ ವಿಳಾಸವೇ ಬಂದಿಲ್ಲದಿರಬಹುದು, ಮಾಸ್ಕ್ ತಪ್ಪಿರಬಹುದು, ಕಾರ್ಡ್ ಆನ್ ಆಗದೇ ಇರಬಹುದು. «ಐಪಿ ಆ್ಯಡರ್ ಶೋ» ಅಲ್ಲ, «ಐಪಿ ಎಡಿಡಿಆರ್ ಶೋ» ಎಂದು ಅಕ್ಷರ ಬಿಡಿಸಿ ಟೈಪ್ ಮಾಡಿ, ಮೂರೂ ಅಲ್ಲೇ ಕಾಣುತ್ತವೆ.

ವಿಳಾಸ ಡಿಎಚ್‌ಸಿಪಿಯಿಂದ (ವಿಳಾಸಗಳನ್ನು ತಾನಾಗಿ ಹಂಚುವ ವ್ಯವಸ್ಥೆಯಿಂದ) ಬರುತ್ತಿದ್ದರೆ ಗೇಟ್‌ವೇ ಕೂಡ ಅಲ್ಲಿಂದಲೇ ಬರುತ್ತದೆ, ನೀವು ಹಾಕಬೇಕಿಲ್ಲ. ಅಲ್ಲಿ ಒಂದು ಸೂಕ್ಷ್ಮ ಇದೆ: ಗೇಟ್‌ವೇ ಬರುವುದು 3ನೇ ಆಯ್ಕೆಯಲ್ಲಿ, ಹೆಚ್ಚುವರಿ ದಾರಿಗಳು ಬರುವುದು 121ನೇ ಆಯ್ಕೆಯಲ್ಲಿ. 121 ಬಂದರೆ ಕಂಪ್ಯೂಟರ್ 3ನ್ನು ಬಿಟ್ಟುಬಿಡಬೇಕು ಎಂದು ನಿಯಮವಿದೆ. ಹಾಗಾಗಿ ಡಿಎಚ್‌ಸಿಪಿ ಸರ್ವರಿನಲ್ಲಿ 121 ಸೇರಿಸುವವರು ಡೀಫಾಲ್ಟ್ ದಾರಿಯನ್ನೂ ಅದರೊಳಗೇ ಬರೆಯಬೇಕು. ಮರೆತರೆ ಎಲ್ಲರ ಇಂಟರ್ನೆಟ್ ಒಟ್ಟಿಗೇ ಹೋಗುತ್ತದೆ.

ಒಂದು ನೆಟ್‌ವರ್ಕಿಗೆ ಮಾತ್ರ ಬೇರೆ ದಾರಿ ಬೇಕು.

192.168.1.50 ಎಂಬ ಯಂತ್ರ ನಮ್ಮ ಒಳಗಿನ ಯಂತ್ರವನ್ನು ತಲುಪಬೇಕು ಅಂದುಕೊಳ್ಳಿ. ಅದರಲ್ಲಿ:

ಐಪಿ ರೂಟ್ ಆ್ಯಡ್ 10.20.30.0/24 ವಯಾ 192.168.1.20

ಬಿಎಸ್‌ಡಿ, ಮ್ಯಾಕ್‌ಓಎಸ್‌ಗಳಲ್ಲಿ «ರೂಟ್ ಆ್ಯಡ್ -ನೆಟ್ 10.20.30.0/24 192.168.1.20». ತೆಗೆಯುವಾಗ ಆ್ಯಡ್ ಬದಲು ಲಿನಕ್ಸ್‌ನಲ್ಲಿ ಡೆಲ್, ಉಳಿದವುಗಳಲ್ಲಿ ಡಿಲೀಟ್.

ದೂರದ ಸರ್ವರಿನಲ್ಲಿ ಇದನ್ನೆಲ್ಲ ಮಾಡಬಹುದಾ?

ಮಾಡಬಹುದು, ಆದರೆ ವಾಪಸ್ ಬರುವ ಏರ್ಪಾಟು ಮಾಡಿಕೊಂಡು.

ಒಮ್ಮೆ ದೂರದ ಒಂದು ಸರ್ವರಿಗೆ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗುವ ವಿಧಾನ) ಹೋಗಿ ಅದರ ಡೀಫಾಲ್ಟ್ ಗೇಟ್‌ವೇ ಬದಲಿಸಬೇಕಿತ್ತು. ಹಳೆಯದನ್ನು ಅಳಿಸಿ ಹೊಸದನ್ನು ಹಾಕೋಣ ಎಂದುಕೊಂಡೆ. ಅಳಿಸುವ ಕಮಾಂಡ್ ಕೊಟ್ಟು ಎಂಟರ್ ಒತ್ತಿದೆ. ಪ್ರಾಂಪ್ಟ್ ವಾಪಸ್ ಬರಲಿಲ್ಲ. ಎರಡನೇ ಕಮಾಂಡ್ ಟೈಪ್ ಮಾಡಿದರೆ ಅಕ್ಷರಗಳು ಪರದೆಯ ಮೇಲೆ ಮೂಡಲಿಲ್ಲ. ಸರ್ವರ್ ಆರಾಮಾಗೇ ಇತ್ತು, ನನ್ನ ಪ್ಯಾಕೆಟ್‌ಗಳು ಅದನ್ನು ತಲುಪುತ್ತಲೂ ಇದ್ದವು. ನನಗೆ ಉತ್ತರ ಕಳಿಸುವ ದಾರಿ ಮಾತ್ರ ಅದಕ್ಕೆ ಮರೆತುಹೋಗಿತ್ತು. ಮಾರನೇ ದಿನ ಯಾರೋ ಅಲ್ಲಿಗೆ ಹೋಗಿ ರೀಬೂಟ್ ಮಾಡುವ ತನಕ ಅದು ಹಾಗೇ ಇತ್ತು.

ಆಮೇಲಿಂದ ನಾನು ಮಾಡುವುದು ಹೀಗೆ. ಅಳಿಸಿ ಹಾಕುವ ಬದಲು ಒಂದೇ ಏಟಿಗೆ «ಐಪಿ ರೂಟ್ ರಿಪ್ಲೇಸ್ ಡೀಫಾಲ್ಟ್ ವಯಾ» ಎಂದು ಕೊಡುತ್ತೇನೆ. ಅದಕ್ಕೂ ಮೊದಲು, ಐದು ನಿಮಿಷ ಬಿಟ್ಟು ಹಳೆಯ ಗೇಟ್‌ವೇಯನ್ನೇ ವಾಪಸ್ ಹಾಕುವ ಒಂದು ಕೆಲಸವನ್ನು ಹಿನ್ನೆಲೆಯಲ್ಲಿ ಓಡಿಸಿಡುತ್ತೇನೆ. ಸ್ಲೀಪ್ 300, ಆಮೇಲೆ ಹಳೆಯ ಕಮಾಂಡ್, ಅಷ್ಟೇ. ಅದನ್ನು ಟೀಮಕ್ಸ್ ಅಥವಾ ಸ್ಕ್ರೀನ್ ಒಳಗೆ ಓಡಿಸಿದರೆ ಸಂಪರ್ಕ ಕಡಿದರೂ ಅದು ಸಾಯುವುದಿಲ್ಲ. ಎಲ್ಲ ಸರಿಯಾದರೆ ಆ ಕೆಲಸ ನಿಲ್ಲಿಸಿದರಾಯಿತು. ನೆಟ್‌ಪ್ಲಾನ್ (ನೆಟ್‌ವರ್ಕ್ ಹೊಂದಿಸುವ ಪ್ರೋಗ್ರಾಮ್) ಇರುವ ಯಂತ್ರಗಳಲ್ಲಿ «ನೆಟ್‌ಪ್ಲಾನ್ ಟ್ರೈ» ಇದೇ ಕೆಲಸ ಮಾಡುತ್ತದೆ: 120 ಸೆಕೆಂಡಿನೊಳಗೆ ನೀವು ಒಪ್ಪಿಗೆ ಕೊಡದಿದ್ದರೆ ಹಳೆಯ ಸ್ಥಿತಿಗೆ ಹೋಗುತ್ತದೆ.

ನಡುವಿನ ಯಂತ್ರದಲ್ಲಿ ಎರಡೂ ಕಾರ್ಡ್ ಸರಿಯಾಗಿವೆ. ಆದರೂ ಒಳಗಿನ ಯಂತ್ರದಿಂದ ಹೊರಗೆ ಏನೂ ಹೋಗುತ್ತಿಲ್ಲ.

ಸಾಮಾನ್ಯ ಕಂಪ್ಯೂಟರ್ ತನ್ನದಲ್ಲದ ಪ್ಯಾಕೆಟ್ ಬಂದರೆ ಬಿಸಾಡುತ್ತದೆ. ಬೇರೆಯವರ ಪ್ಯಾಕೆಟ್ ಮುಂದಕ್ಕೆ ಕಳಿಸು ಎಂದು ನಾವು ಹೇಳಬೇಕು. ಲಿನಕ್ಸ್‌ನಲ್ಲಿ:

ಸಿಸ್‌ಸಿಟಿಎಲ್ -ಡಬ್ಲ್ಯು ನೆಟ್.ಐಪಿವಿ4.ಐಪಿ_ಫಾರ್ವರ್ಡ್=1

ಬಿಎಸ್‌ಡಿ, ಮ್ಯಾಕ್‌ಓಎಸ್‌ಗಳಲ್ಲಿ ಅದೇ ಸಿಸ್‌ಸಿಟಿಎಲ್, ಹೆಸರು ಮಾತ್ರ «ನೆಟ್.ಇನೆಟ್.ಐಪಿ.ಫಾರ್ವರ್ಡಿಂಗ್».

ಒಂದು ವಿಷಯ ತುಂಬ ಜನರನ್ನು ಗೊಂದಲಕ್ಕೆ ಬೀಳಿಸುತ್ತದೆ. ಫಾರ್ವರ್ಡಿಂಗ್ ಇಲ್ಲದಿದ್ದರೂ ಒಳಗಿನ ಯಂತ್ರದಿಂದ 192.168.1.20ಕ್ಕೆ ಪಿಂಗ್ ಹೋಗುತ್ತದೆ. «ಆ ಕಡೆಯ ಕಾರ್ಡಿನ ತನಕ ತಲುಪಿತು, ಅಂದರೆ ದಾಟುತ್ತಿದೆ» ಎಂದುಕೊಳ್ಳುತ್ತಾರೆ. ದಾಟಿಲ್ಲ. ಲಿನಕ್ಸ್‌ನಲ್ಲಿ ವಿಳಾಸ ಇಡೀ ಯಂತ್ರಕ್ಕೆ ಸೇರಿದ್ದು, ಯಾವ ಕಾರ್ಡಿನಿಂದ ಕೇಳಿದರೂ ಅದು ಉತ್ತರ ಕೊಡುತ್ತದೆ. ದಾಟಿದೆಯೋ ಇಲ್ಲವೋ ನೋಡಬೇಕಾದರೆ ಆಚೆಗಿರುವ ಇನ್ನೊಂದು ಯಂತ್ರಕ್ಕೇ ಪಿಂಗ್ ಮಾಡಬೇಕು.

ಫಾರ್ವರ್ಡಿಂಗ್ ಆನ್ ಮಾಡಿಯೂ ದಾಟದಿದ್ದರೆ ಫೈರ್‌ವಾಲ್ ನೋಡಿ. ಅದೇ ಯಂತ್ರದಲ್ಲಿ ಡಾಕರ್ (ಕಂಟೇನರ್ ಓಡಿಸುವ ಪ್ರೋಗ್ರಾಮ್) ಇದ್ದರೆ ಅದು ಫೈರ್‌ವಾಲಿನ ಫಾರ್ವರ್ಡ್ ಸರಪಳಿಯ ನೀತಿಯನ್ನು ಡ್ರಾಪ್, ಅಂದರೆ ಬಿಸಾಡು, ಎಂದು ಇಟ್ಟಿರಬಹುದು. ನಿನ್ನೆ ತನಕ ನಡೆಯುತ್ತಿದ್ದ ರೂಟರ್ ಡಾಕರ್ ಹಾಕಿದ ದಿನ ನಿಂತುಹೋಗುವುದು ಇದರಿಂದ.

ಪ್ಯಾಕೆಟ್ ಹೊರಗೆ ಹೋಗುತ್ತಿದೆ, ಉತ್ತರ ಮಾತ್ರ ಬರುತ್ತಿಲ್ಲ. ಯಾಕೆ?

ಈ ಪುಟದಲ್ಲಿ ಒಂದೇ ಪ್ರಶ್ನೆ ಉಳಿಸಿಕೊಳ್ಳಿ ಅಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ನೀವು ಒಳಗಿನ ಯಂತ್ರಕ್ಕೆ ಗೇಟ್‌ವೇ ಕೊಟ್ಟಿರಿ, ನಡುವಿನ ಯಂತ್ರದಲ್ಲಿ ಫಾರ್ವರ್ಡಿಂಗ್ ಆನ್ ಮಾಡಿದಿರಿ. ಪ್ಯಾಕೆಟ್ 10.20.30.5 ಎಂದು ಬರೆದುಕೊಂಡು 192.168.1.50ನ್ನು ತಲುಪಿತು. ಈಗ ಅದು ಉತ್ತರ ಕೊಡಬೇಕು. ಯಾರಿಗೆ? 10.20.30.5ಕ್ಕೆ. ಆ ವಿಳಾಸ ಎಲ್ಲಿದೆ ಎಂದು ಅದಕ್ಕೆ ಯಾರೂ ಹೇಳಿಲ್ಲ! ಅದು ತನ್ನ ಡೀಫಾಲ್ಟ್ ಗೇಟ್‌ವೇ ಆದ 192.168.1.1ಕ್ಕೆ ಕೊಡುತ್ತದೆ. ಆ ರೂಟರಿಗೂ ಗೊತ್ತಿಲ್ಲ. ಅದು ಇಂಟರ್ನೆಟ್ ಕಡೆಗೆ ತಳ್ಳುತ್ತದೆ, 10ರಿಂದ ಶುರುವಾಗುವ ಖಾಸಗಿ ವಿಳಾಸಕ್ಕೆ ಅಲ್ಲಿ ದಾರಿಯೇ ಇಲ್ಲ. ಉತ್ತರ ಅಲ್ಲಿಗೆ ಮುಗಿಯಿತು.

ಇದನ್ನು ಊಹಿಸಬೇಕಿಲ್ಲ, ಕಣ್ಣಾರೆ ನೋಡಬಹುದು. ನಡುವಿನ ಯಂತ್ರದಲ್ಲಿ ಎರಡು ಟರ್ಮಿನಲ್ ತೆರೆಯಿರಿ. ಒಂದರಲ್ಲಿ:

ಟಿಸಿಪಿಡಂಪ್ -ಎನ್ -ಐ ಈಥ್1 ಐಸಿಎಂಪಿ

ಇನ್ನೊಂದರಲ್ಲಿ ಅದೇ, ಈಥ್1 ಬದಲು ಈಥ್0. ಐಸಿಎಂಪಿ ಅಂದರೆ ಪಿಂಗ್ ಮತ್ತು ದೋಷದ ಸುದ್ದಿಗಳನ್ನು ಒಯ್ಯುವ ಬಗೆಯ ಪ್ಯಾಕೆಟ್. ಒಳಗಿನ ಯಂತ್ರದಿಂದ 192.168.1.50ಕ್ಕೆ ಪಿಂಗ್ ಬಿಡಿ. ಈಥ್1ರಲ್ಲಿ «ಎಕೋ ರಿಕ್ವೆಸ್ಟ್» ಕಂಡು ಈಥ್0ರಲ್ಲಿ ಏನೂ ಕಾಣದಿದ್ದರೆ ನಡುವಿನ ಯಂತ್ರ ದಾಟಿಸುತ್ತಿಲ್ಲ: ಫಾರ್ವರ್ಡಿಂಗ್ ಅಥವಾ ಫೈರ್‌ವಾಲ್. ಎರಡರಲ್ಲೂ ರಿಕ್ವೆಸ್ಟ್ ಕಂಡು ಯಾವುದರಲ್ಲೂ «ಎಕೋ ರಿಪ್ಲೈ» ಇಲ್ಲದಿದ್ದರೆ ಬರುವ ದಾರಿ ಇಲ್ಲ. ಆಚೆಯ ಯಂತ್ರದ ಫೈರ್‌ವಾಲೇ ಪಿಂಗ್ ತಡೆಯುತ್ತಿದ್ದರೂ ಇದೇ ಚಿತ್ರ ಕಾಣುತ್ತದೆ, ಅದನ್ನೂ ಒಮ್ಮೆ ನೋಡಿಕೊಳ್ಳಿ. ರಿಪ್ಲೈ ಈಥ್0ಕ್ಕೆ ಬಂದು ಈಥ್1ಕ್ಕೆ ಹೋಗದಿದ್ದರೆ ಮತ್ತೆ ಫೈರ್‌ವಾಲ್. ಎರಡು ನಿಮಿಷದ ಈ ಕೆಲಸ ಅರ್ಧ ದಿನದ ತಲೆಬಿಸಿ ಉಳಿಸುತ್ತದೆ.

ಪರಿಹಾರ ಒಂದು: 192.168.1.1 ರೂಟರಿನಲ್ಲಿ «10.20.30.0/24 ಬೇಕಾದರೆ 192.168.1.20ಕ್ಕೆ ಕೊಡು» ಎಂದು ಒಂದು ಸಾಲು ಬರೆಯುವುದು. ಒಂದೇ ಕಡೆ ಬರೆದರೆ ಎಲ್ಲರಿಗೂ ಆಯಿತು. ಆದರೆ ಇದರಲ್ಲೂ ಒಂದು ಬಲೆ ಇದೆ. 192.168.1.50 ಕಳಿಸಿದ್ದು ರೂಟರ್ ಮೂಲಕ ನಡುವಿನ ಯಂತ್ರಕ್ಕೆ ಬರುತ್ತದೆ. ವಾಪಸ್ ಹೋಗುವಾಗ ನಡುವಿನ ಯಂತ್ರ ನೇರವಾಗಿ 192.168.1.50ಕ್ಕೇ ಕೊಡುತ್ತದೆ, ಇಬ್ಬರೂ ಒಂದೇ ತಂತಿಯಲ್ಲಿದ್ದಾರಲ್ಲ. ರೂಟರಿಗೆ ಮಾತುಕತೆಯ ಅರ್ಧ ಮಾತ್ರ ಕೇಳಿಸುತ್ತದೆ. ಅದರ ಫೈರ್‌ವಾಲ್ ಕಟ್ಟುನಿಟ್ಟಾಗಿದ್ದರೆ «ಇದೇನೋ ಅರ್ಧಂಬರ್ಧ ಸಂಪರ್ಕ» ಎಂದು ಬಿಸಾಡುತ್ತದೆ. ಪಿಂಗ್ ಸರಿಯಾಗಿದೆ, ಎಸ್‌ಎಸ್‌ಎಚ್ ಮಾತ್ರ ಸಿಕ್ಕಿಕೊಳ್ಳುತ್ತದೆ ಅನ್ನುವವರಲ್ಲಿ ಹಲವರ ಕಥೆ ಇದು. ಆಗ 192.168.1.50ರಲ್ಲೇ ನೇರ ದಾರಿ ಬರೆಯಿರಿ.

ಹೊರಗಿನ ರೂಟರ್ ನನ್ನ ಕೈಯಲ್ಲಿಲ್ಲ. ಅದರಲ್ಲಿ ಸಾಲು ಬರೆಯಲು ಆಗುವುದಿಲ್ಲ.

ಹಾಗಾದರೆ ನ್ಯಾಟ್. ಒಳಗಿನಿಂದ ಬಂದ ಪ್ಯಾಕೆಟ್ ಈಥ್0 ದಾಟುವಾಗ 10.20.30.5 ಅನ್ನುವುದನ್ನು ಅಳಿಸಿ 192.168.1.20 ಎಂದು ಬರೆಯುವುದು, ಉತ್ತರ ಬಂದಾಗ ಮತ್ತೆ ತಿರುಗಿಸುವುದು. ಹೊರಗಿನವರಿಗೆ ಎಲ್ಲವೂ ನಡುವಿನ ಯಂತ್ರದಿಂದಲೇ ಬಂದ ಹಾಗೆ ಕಾಣುತ್ತದೆ, ಹಾಗಾಗಿ ಬರುವ ದಾರಿಯ ಪ್ರಶ್ನೆಯೇ ಏಳುವುದಿಲ್ಲ. ಎನ್‌ಎಫ್‌ಟಿ (ಫೈರ್‌ವಾಲ್ ಕಮಾಂಡ್) ಇರುವ ಲಿನಕ್ಸ್‌ನಲ್ಲಿ ಮೂರು ಸಾಲು:

ಎನ್‌ಎಫ್‌ಟಿ ಆ್ಯಡ್ ಟೇಬಲ್ ಐಪಿ ನ್ಯಾಟ್
ಎನ್‌ಎಫ್‌ಟಿ 'ಆ್ಯಡ್ ಚೈನ್ ಐಪಿ ನ್ಯಾಟ್ ಪೋಸ್ಟ್‌ರೂಟಿಂಗ್ { ಟೈಪ್ ನ್ಯಾಟ್ ಹುಕ್ ಪೋಸ್ಟ್‌ರೂಟಿಂಗ್ ಪ್ರಯಾರಿಟಿ 100 ; }'
ಎನ್‌ಎಫ್‌ಟಿ ಆ್ಯಡ್ ರೂಲ್ ಐಪಿ ನ್ಯಾಟ್ ಪೋಸ್ಟ್‌ರೂಟಿಂಗ್ ಓಐಎಫ್‌ನೇಮ್ ಈಥ್0 ಮಾಸ್ಕರೇಡ್

ಎರಡನೇ ಸಾಲಿನ ಒಂಟಿ ಉದ್ಧರಣ ಚಿಹ್ನೆ ಬಿಡಬೇಡಿ, ಬಿಟ್ಟರೆ ಅರ್ಧವಿರಾಮವನ್ನು ಶೆಲ್ ನುಂಗಿಬಿಡುತ್ತದೆ. ಬಿಎಸ್‌ಡಿಗಳಲ್ಲಿ ಈ ಕೆಲಸಕ್ಕೆ ಪಿಎಫ್ ಎಂಬ ಫೈರ್‌ವಾಲ್ ಇದೆ.

ನನ್ನ ಅಭಿಪ್ರಾಯ ಕೇಳಿದರೆ, ರೂಟರಿನಲ್ಲಿ ಸಾಲು ಬರೆಯಲು ಆಗುವಾಗ ನ್ಯಾಟ್ ಹಾಕಬೇಡಿ. ನ್ಯಾಟ್ ಹಾಕಿದರೆ ಹೊರಗಿನಿಂದ ಒಳಗೆ ಹೊಸ ಸಂಪರ್ಕ ಶುರು ಮಾಡುವುದು ಕಷ್ಟ, ಲಾಗ್‌ಗಳಲ್ಲಿ ಎಲ್ಲರೂ ಒಬ್ಬರೇ ಆಗಿ ಕಾಣುತ್ತಾರೆ, ಮುಂದೆ ಏನಾದರೂ ಕೆಟ್ಟಾಗ ಹುಡುಕುವುದೂ ಕಷ್ಟ.

ರೀಬೂಟ್ ಆದ ಮೇಲೆ ಎಲ್ಲ ಮಾಯವಾಯಿತು.

ಕಮಾಂಡಿನಲ್ಲಿ ಕೊಟ್ಟದ್ದು ಕರ್ನಲ್‌ನ ನೆನಪಿನಲ್ಲಿ ಮಾತ್ರ ಇರುತ್ತದೆ. ಪ್ರಯೋಗ ಮಾಡುವಾಗ ಇದು ವರವೇ. ಉಳಿಸಬೇಕಾದರೆ ನಿಮ್ಮ ಯಂತ್ರದಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರು ಯಾರೋ ಅವರಿಗೇ ಹೇಳಬೇಕು.

ನೆಟ್‌ವರ್ಕ್‌ಮ್ಯಾನೇಜರ್ ಇದ್ದರೆ «ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ», ಸಂಪರ್ಕದ ಹೆಸರು, ಆಮೇಲೆ «+ಐಪಿವಿ4.ರೂಟ್ಸ್» ಎಂದು ಬರೆದು ಉದ್ಧರಣದೊಳಗೆ 10.20.30.0/24 192.168.1.20 ಎಂದು ಕೊಡಿ. ಆ ಪ್ಲಸ್ ಚಿಹ್ನೆ ಮರೆತರೆ ಹಳೆಯ ದಾರಿಗಳೆಲ್ಲ ಅಳಿಸಿ ಇದೊಂದೇ ಉಳಿಯುತ್ತದೆ. ನೆಟ್‌ಪ್ಲಾನ್‌ನಲ್ಲಿ ರೂಟ್ಸ್ ಎಂಬ ಭಾಗದೊಳಗೆ ಟು ಮತ್ತು ವಯಾ ಎಂದು ಬರೆಯಬೇಕು. ಹಳೆಯ ಲೇಖನಗಳಲ್ಲಿ ಕಾಣುವ ಗೇಟ್‌ವೇ4 ಅನ್ನುವುದನ್ನು ಈಗ ಕೈಬಿಡಲಾಗಿದೆ. ಸಿಸ್ಟಂಡಿ-ನೆಟ್‌ವರ್ಕ್‌ಡಿಯಲ್ಲಿ ರೂಟ್ ಎಂಬ ಭಾಗ, ಅದರೊಳಗೆ ಡೆಸ್ಟಿನೇಷನ್ ಮತ್ತು ಗೇಟ್‌ವೇ. ಫ್ರೀಬಿಎಸ್‌ಡಿಯಲ್ಲಿ ಆರ್‌ಸಿ.ಕಾನ್ಫ್ ಫೈಲಿನೊಳಗೆ ಡೀಫಾಲ್ಟ್‌ರೂಟರ್ ಮತ್ತು, ಫಾರ್ವರ್ಡಿಂಗ್‌ಗೆ, ಗೇಟ್‌ವೇ_ಎನೇಬಲ್. ಓಪನ್‌ಬಿಎಸ್‌ಡಿಯಲ್ಲಿ ಇಟಿಸಿ ಒಳಗೆ ಮೈಗೇಟ್ ಎಂಬ ಪುಟ್ಟ ಫೈಲು, ಅದರಲ್ಲಿ ಗೇಟ್‌ವೇ ವಿಳಾಸ ಬರೆದರೆ ಮುಗಿಯಿತು. ಇಷ್ಟು ಸರಳವಾದದ್ದು ಬೇರೆಲ್ಲೂ ನೋಡಿಲ್ಲ.

ಲಿನಕ್ಸ್‌ನ ಫಾರ್ವರ್ಡಿಂಗ್ ಉಳಿಯಬೇಕಾದರೆ ಇಟಿಸಿ ಒಳಗಿನ ಸಿಸ್‌ಸಿಟಿಎಲ್.ಡಿ ಫೋಲ್ಡರಿನಲ್ಲಿ ಕಾನ್ಫ್ ಎಂದು ಕೊನೆಯಾಗುವ ಒಂದು ಫೈಲಿಗೆ ಆ ಸಾಲನ್ನು ಬರೆಯಿರಿ.

ಎರಡು ಮ್ಯಾನೇಜರ್‌ಗಳು ಒಂದೇ ಕಾರ್ಡನ್ನು ನೋಡಿಕೊಳ್ಳುವ ಹಾಗೆ ಮಾತ್ರ ಬಿಡಬೇಡಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಿರುತ್ತಾರೆ.

ಎರಡು ಇಂಟರ್ನೆಟ್ ಸಂಪರ್ಕ ಇದೆ. ಎರಡು ಡೀಫಾಲ್ಟ್ ಗೇಟ್‌ವೇ ಹಾಕಿದರೆ ಆಯಿತಾ?

ಬೇರೆ ಬೇರೆ ಮೆಟ್ರಿಕ್ ಕೊಟ್ಟು ಹಾಕಬಹುದು, ಆದರೆ ಕಡಿಮೆ ಮೆಟ್ರಿಕ್ ಇರುವುದೇ ಎಲ್ಲ ಟ್ರಾಫಿಕ್ ಒಯ್ಯುತ್ತದೆ. ಇನ್ನೊಂದು ಸುಮ್ನೆ ಕಾಯುತ್ತಾ ಇರುತ್ತದೆ. ರೂಟರಿನ ಆಚೆ ಇಂಟರ್ನೆಟ್ ಕೆಟ್ಟರೆ ಕರ್ನಲ್‌ಗೆ ಅದು ಗೊತ್ತಾಗುವುದೂ ಇಲ್ಲ, ಈಚೆಯ ತಂತಿ ಸರಿಯಾಗೇ ಇದೆಯಲ್ಲ.

ನಿಜವಾದ ತೊಂದರೆ ಹೊರಗಿನಿಂದ ಬರುವ ಸಂಪರ್ಕಗಳದ್ದು. ಎರಡನೇ ಕಾರ್ಡ್ ಈಥ್2, ಅದರ ವಿಳಾಸ 192.168.2.20 ಅಂದುಕೊಳ್ಳಿ. ಯಾರೋ ಆ ಕಡೆಯಿಂದ ಬಂದರು. ಉತ್ತರ ಮಾತ್ರ ಡೀಫಾಲ್ಟ್ ದಾರಿ ಹಿಡಿದು ಈಥ್0ರಿಂದ ಹೊರಡುತ್ತದೆ. ಇದನ್ನು ಸರಿಮಾಡಲು ಎರಡನೆಯದೊಂದು ಟೇಬಲ್ ಬೇಕು:

ಐಪಿ ರೂಟ್ ಆ್ಯಡ್ ಡೀಫಾಲ್ಟ್ ವಯಾ 192.168.2.1 ಡೆವ್ ಈಥ್2 ಟೇಬಲ್ 200
ಐಪಿ ರೂಲ್ ಆ್ಯಡ್ ಫ್ರಮ್ 192.168.2.20 ಟೇಬಲ್ 200

ಅಂದರೆ, 192.168.2.20 ಎಂದು ಹೇಳಿಕೊಂಡು ಹೊರಡುವ ಪ್ಯಾಕೆಟ್ ಇದ್ದರೆ ಮೊದಲು 200ನೇ ಟೇಬಲ್ ನೋಡು. ಲಿನಕ್ಸ್‌ನಲ್ಲಿ ಟೇಬಲ್ ಯಾವತ್ತೂ ಒಂದೇ ಅಲ್ಲ. «ಐಪಿ ರೂಲ್ ಶೋ» ಎಂದು ಕೊಡಿ, 0, 32766, 32767 ಎಂಬ ಮೂರು ನಿಯಮ ಮೊದಲಿಂದಲೇ ಇರುತ್ತವೆ. ನಾವು ದಿನಾ ನೋಡುವ ಟೇಬಲ್ ಅದರಲ್ಲಿ 32766ರದ್ದು, ಮೇನ್ ಎಂಬ ಹೆಸರಿನದು.

ಇಷ್ಟಾದರೂ ಪ್ಯಾಕೆಟ್ ಬಂದದ್ದು ಟಿಸಿಪಿಡಂಪ್‌ನಲ್ಲಿ ಕಂಡು, ಪ್ರೋಗ್ರಾಮಿಗೆ ಮಾತ್ರ ತಲುಪದಿದ್ದರೆ ಆರ್‌ಪಿ_ಫಿಲ್ಟರ್ ಎಂಬ ಕರ್ನಲ್ ಸೆಟ್ಟಿಂಗ್ ನೋಡಿ. ಅದರ ಬೆಲೆ 1 ಆಗಿದ್ದರೆ, ಬಂದ ಪ್ಯಾಕೆಟ್‌ಗೆ ಉತ್ತರ ಅದೇ ಕಾರ್ಡಿನಿಂದ ಹೊರಡುವಂತಿಲ್ಲದಿದ್ದರೆ ಕರ್ನಲ್ ಸದ್ದಿಲ್ಲದೆ ಬಿಸಾಡುತ್ತದೆ. 2 ಎಂದು ಇಟ್ಟರೆ ಸಡಿಲ, ಯಾವುದಾದರೂ ಕಾರ್ಡಿನಿಂದ ದಾರಿ ಇದ್ದರೆ ಸಾಕು. ಪೂರ್ತಿ 0 ಮಾಡುವುದಕ್ಕಿಂತ 2 ವಾಸಿ, ಸುಳ್ಳು ವಿಳಾಸ ಹೊತ್ತು ಬರುವವರನ್ನು ಸ್ವಲ್ಪವಾದರೂ ತಡೆಯುತ್ತದೆ.

ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ಆದರೆ ದೊಡ್ಡದೇನಾದರೂ ಬಂದರೆ ನಿಂತುಬಿಡುತ್ತದೆ.

ದಾರಿ ಸರಿಯಾಗಿದೆ, ದಾರಿಯ ಅಗಲ ಸಾಲುತ್ತಿಲ್ಲ. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್ ತನಕ ಇರಬಹುದು. ಪಿಪಿಪಿಓಇ (ಬ್ರಾಡ್‌ಬ್ಯಾಂಡಿನ ಒಂದು ವಿಧಾನ) ಸಂಪರ್ಕದಲ್ಲಿ ಸಾಮಾನ್ಯವಾಗಿ 1492, ವಿಪಿಎನ್‌ನಲ್ಲಿ ಇನ್ನೂ ಕಡಿಮೆ. ದೊಡ್ಡ ಪ್ಯಾಕೆಟ್ ಬಂದಾಗ ನಡುವಿನ ರೂಟರ್ «ಇಷ್ಟು ದೊಡ್ಡದು ಹಿಡಿಸಲ್ಲ» ಎಂದು ಐಸಿಎಂಪಿಯಲ್ಲಿ ಹೇಳಿ ಕಳಿಸುತ್ತದೆ. ಯಾರೋ ಫೈರ್‌ವಾಲಿನಲ್ಲಿ ಐಸಿಎಂಪಿ ಪೂರ್ತಿ ಮುಚ್ಚಿದ್ದರೆ ಆ ಸುದ್ದಿ ತಲುಪುವುದಿಲ್ಲ. ದಯವಿಟ್ಟು ಐಸಿಎಂಪಿಯನ್ನು ಪೂರ್ತಿ ಮುಚ್ಚಬೇಡಿ.

ಲಿನಕ್ಸ್‌ನಲ್ಲಿ ಅಳೆಯಲು «ಪಿಂಗ್ -ಎಂ ಡು -ಎಸ್ 1472», ಮುಂದೆ ವಿಳಾಸ. ಆ ಎಂ ಮಾತ್ರ ದೊಡ್ಡ ಅಕ್ಷರ. 1472ಕ್ಕೆ ಐಸಿಎಂಪಿಯ 8, ಐಪಿಯ 20 ಸೇರಿದರೆ 1500. ಹೋಗದಿದ್ದರೆ ಸಂಖ್ಯೆ ಇಳಿಸುತ್ತಾ ಬನ್ನಿ. ಹೋದ ಸಂಖ್ಯೆಗೆ 28 ಸೇರಿಸಿ ಕಾರ್ಡಿನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಅಷ್ಟಕ್ಕೆ ಇಡಿ.

ವಿಪಿಎನ್ ಹಾಕಿದರೆ ಆ ಕಡೆಯ 192.168.1.30 ಸಿಗುವುದಿಲ್ಲ.

ನಿಮ್ಮ ಕಡೆಯೂ 192.168.1.0/24 ಇದ್ದರೆ ಸಿಗುವುದಿಲ್ಲ. ಕಂಪ್ಯೂಟರ್ ಅದನ್ನು ನಿಮ್ಮ ತಂತಿಯಲ್ಲೇ ಹುಡುಕುತ್ತದೆ. ಒಂದೇ ಯಂತ್ರ ಸಾಕಾದರೆ 192.168.1.30/32 ಎಂದು ವಿಪಿಎನ್ ಕಡೆಗೆ ದಾರಿ ಬರೆಯಿರಿ, ಖಚಿತವಾದದ್ದು ಗೆಲ್ಲುತ್ತದೆ ಎಂದು ಆಗಲೇ ನೋಡಿದೆವು. ಪೂರ್ತಿ ಸರಿಯಾಗಬೇಕಾದರೆ ಒಂದು ಕಡೆಯ ಸಂಖ್ಯೆ ಬದಲಿಸಲೇಬೇಕು. ಹೊಸ ನೆಟ್‌ವರ್ಕ್ ಕಟ್ಟುವವರು 192.168.0 ಮತ್ತು 192.168.1 ಬಿಟ್ಟು ಬೇರೆ ಆರಿಸಿಕೊಳ್ಳಿ. ಖಾಸಗಿ ವಿಳಾಸಕ್ಕೆ 10.0.0.0/8, 172.16.0.0/12 ಎಂಬ ದೊಡ್ಡ ಜಾಗಗಳೂ ಇವೆ.

ಟ್ರೇಸ್‌ರೂಟ್‌ನಲ್ಲಿ ನಕ್ಷತ್ರಗಳು ಬರುತ್ತವೆ. ದಾರಿ ಅಲ್ಲಿ ಕಡಿದಿದೆಯಾ?

ಅದರ ಮುಂದಿನ ಸಾಲುಗಳು ಕಾಣುತ್ತಿದ್ದರೆ ಕಡಿದಿಲ್ಲ. ಪ್ರತಿ ಪ್ಯಾಕೆಟ್‌ನಲ್ಲೂ ಟಿಟಿಎಲ್ ಎಂಬ ಸಂಖ್ಯೆ ಇರುತ್ತದೆ, ಪ್ರತಿ ರೂಟರ್ ಅದನ್ನು ಒಂದು ಇಳಿಸುತ್ತದೆ. ಸೊನ್ನೆಯಾದರೆ ಪ್ಯಾಕೆಟ್ ಬಿಸಾಡಿ ಕಳಿಸಿದವರಿಗೆ ತಿಳಿಸುತ್ತದೆ. ಟ್ರೇಸ್‌ರೂಟ್ 1, 2, 3 ಎಂದು ಏರಿಸುತ್ತಾ ಕಳಿಸಿ ಆ ದೂರುಗಳನ್ನೇ ಜೋಡಿಸಿ ದಾರಿ ತೋರಿಸುತ್ತದೆ. ಕೆಲವು ರೂಟರ್‌ಗಳು ದೂರು ಕಳಿಸುವುದೇ ಇಲ್ಲ, ಅದೇ ನಕ್ಷತ್ರ. ಕೊನೆಯ ತನಕ ಬರೀ ನಕ್ಷತ್ರವೇ ಆದರೆ ಕೊನೆಯದಾಗಿ ಕಂಡ ರೂಟರ್ ಮತ್ತು ಅದರ ಮುಂದಿನದರ ನಡುವೆ ಹುಡುಕಿ. ಬರುವ ದಾರಿ ಇಲ್ಲದಿದ್ದರೂ ಹೀಗೇ ಕಾಣುತ್ತದೆ ಎಂಬುದು ನೆನಪಿರಲಿ.

ಐಪಿವಿ6ನಲ್ಲೂ ಹೀಗೇನಾ?

ತತ್ವ ಅದೇ. ಕಮಾಂಡಿನಲ್ಲಿ ಐಪಿ ಆದ ಮೇಲೆ -6 ಸೇರಿಸಿ. ವ್ಯತ್ಯಾಸ ಎರಡು. ಗೇಟ್‌ವೇ ವಿಳಾಸ ಸಾಮಾನ್ಯವಾಗಿ ಎಫ್‌ಇ80 ಎಂದು ಶುರುವಾಗುತ್ತದೆ, ಅಂಥ ವಿಳಾಸ ಪ್ರತಿ ತಂತಿಯಲ್ಲೂ ಇರುವುದರಿಂದ ಯಾವ ಕಾರ್ಡ್ ಎಂದು ಹೇಳಲೇಬೇಕು. ಎರಡನೆಯದು, ಡೀಫಾಲ್ಟ್ ದಾರಿಯನ್ನು ರೂಟರ್ ತಾನೇ ಸಾರುತ್ತಿರುತ್ತದೆ. ಲಿನಕ್ಸ್‌ನಲ್ಲಿ ಐಪಿವಿ6 ಫಾರ್ವರ್ಡಿಂಗ್ ಆನ್ ಮಾಡಿದರೆ ಕರ್ನಲ್ ಆ ಸಾರುವಿಕೆ ಕೇಳುವುದನ್ನು ನಿಲ್ಲಿಸುತ್ತದೆ, ಯಾಕೆಂದರೆ ಈಗ ತಾನೇ ರೂಟರ್. ಸ್ವಲ್ಪ ಹೊತ್ತಿನ ಮೇಲೆ ಹಳೆಯ ಡೀಫಾಲ್ಟ್ ಅವಧಿ ಮುಗಿದು ಸಂಪರ್ಕ ಹೋಗಬಹುದು. ಈಥ್0ರ ಆ್ಯಕ್ಸೆಪ್ಟ್_ಆರ್‌ಎ ಬೆಲೆಯನ್ನು 2 ಮಾಡಿದರೆ ಎರಡೂ ಒಟ್ಟಿಗೆ ನಡೆಯುತ್ತವೆ.

ರಿಪ್, ಓಎಸ್‌ಪಿಎಫ್ ಇವೆಲ್ಲ ನನಗೆ ಬೇಕಾ?

ಇವು ರೂಟರ್‌ಗಳು ತಮ್ಮತಮ್ಮಲ್ಲೇ ದಾರಿ ಹೇಳಿಕೊಳ್ಳುವ ಪ್ರೋಟೋಕಾಲ್‌ಗಳು. ಎರಡು ಮೂರು ಸಬ್‌ನೆಟ್ ಇದ್ದರೆ ಬೇಡ, ಕೈಯಲ್ಲಿ ಬರೆದ ಸಾಲುಗಳೇ ಸಾಕು. ಒಂದು ಜಾಗಕ್ಕೆ ಎರಡು ದಾರಿ ಇದ್ದು, ಒಂದು ಕೆಟ್ಟಾಗ ತಾನಾಗಿ ಇನ್ನೊಂದಕ್ಕೆ ತಿರುಗಬೇಕು ಅಂದಾಗ ಅವು ಬೇಕಾಗುತ್ತವೆ. ರಿಪ್ 15 ಹೆಜ್ಜೆಗಿಂತ ದೂರ ಇರುವುದನ್ನು ತಲುಪಲಾಗದು ಎಂದೇ ಎಣಿಸುತ್ತದೆ, ಬದಲಾವಣೆ ಹರಡುವುದೂ ನಿಧಾನ. ಹೊಸದಾಗಿ ಶುರು ಮಾಡುವವರು ನೇರ ಓಎಸ್‌ಪಿಎಫ್‌ಗೆ ಹೋಗಬಹುದು. ಈ ಕೆಲಸ ಮಾಡುವ ಪ್ರೋಗ್ರಾಮುಗಳಾದ ಎಫ್‌ಆರ್‌ಆರ್, ಬರ್ಡ್ ಇವೆರಡೂ ಲಿನಕ್ಸ್‌ನಲ್ಲೂ ಬಿಎಸ್‌ಡಿಗಳಲ್ಲೂ ಓಡುತ್ತವೆ. ಅವು ಕಲಿತ ದಾರಿಗಳು ಕೊನೆಗೆ ಬಂದು ಕೂರುವುದು ಇದೇ ಟೇಬಲ್‌ನಲ್ಲಿ. ಐಪಿ ರೂಟ್ ಶೋ ಕೊಟ್ಟಾಗ «ಪ್ರೋಟೋ ಬರ್ಡ್» ಅಥವಾ «ಪ್ರೋಟೋ ಓಎಸ್‌ಪಿಎಫ್» ಎಂದು ಕಂಡರೆ ಆ ಸಾಲನ್ನು ಕೈಯಲ್ಲಿ ಅಳಿಸಲು ಹೋಗಬೇಡಿ, ಬದಲಾಯಿಸಬೇಕಾದ್ದು ಆ ಪ್ರೋಗ್ರಾಮಿನ ಸೆಟ್ಟಿಂಗ್‌ನಲ್ಲಿ.